ಶಲ್ಯನ ಬಾಯಿ, ಕರ್ಣನ ಕಿವಿ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ನಮ್ಮ ತೆಂಕುಸೀಮೆಯಲ್ಲಿ ತಾಳಮದ್ದಳೆಯ ಕಾಲ. ಹೊರಗೆ ಜಡಿಮಳೆ, ಒಳಗೆ ಯಾರದೋ ಮನೆಯ ಚಾವಡಿಯಲ್ಲಿ ಒಂದು ದೀಪ, ಭಾಗವತರು, ಚೆಂಡೆ ಮದ್ದಳೆ, ಎದುರುಬದುರು ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ. ಪದ ನಿಂತಲ್ಲಿಂದ ಮಾತು. ಅದೂ ಬರೆದಿಟ್ಟದ್ದಲ್ಲ, ಎದುರಿನವ ಏನು ಹೇಳುತ್ತಾನೋ ಅದರ ಮೇಲೆ ಹುಟ್ಟುವ ಮಾತು. ಬಳ್ಳಾರಿ ಕಡೆಯ ಕುರುಗೋಡಿನ 1556ರ ಶಾಸನವೊಂದರಲ್ಲಿ ತಾಳಮದ್ದಳೆಗೆಂದು ಭೂಮಿ ಬಿಟ್ಟ ಪ್ರಸ್ತಾಪವಿದೆ. ಅಷ್ಟು ಹಳೆಯ ಹೆಸರು ಇದು.

ಒಬ್ಬರ ಮಾತನ್ನು ಇನ್ನೊಬ್ಬರು ಮುಲಾಜಿಲ್ಲದೆ ಸೀಳುವುದೇ ಈ ಕಲೆಯ ಜೀವ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾದರೆ ರಾಮನಿಗೆ ಸುಲಭದ ದಾರಿ ಇರುತ್ತಿರಲಿಲ್ಲ. ಮರೆಯಿಂದ ಯಾಕೆ ಹೊಡೆದೆ, ನನಗೂ ನಿನಗೂ ಏನು ಹಗೆ ಎಂದು ವಾಲಿ ಕೇಳಲೇಬೇಕು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ರಾಜದಂಡ ಎಂದು ರಾಮ ಹೇಳಲೇಬೇಕು. ದೇವರನ್ನೂ ಕಟಕಟೆಗೆ ತರುವ ಮನೋಧರ್ಮ ಅದು. ದೊಡ್ಡ ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರು ಬರೆದ ಒಂದು ಪುಸ್ತಕದ ಹೆಸರೇ ‘ಕುರುಕ್ಷೇತ್ರಕ್ಕೊಂದು ಆಯೋಗ’.

ಇಷ್ಟು ಬಿಟ್ಟುಕೊಟ್ಟ ಕಲೆಗೆ ಬೇಲಿಯೂ ಇತ್ತು. ಪಾತ್ರಕ್ಕೆ ಹೊಡೆಯಬಹುದು, ಪಾತ್ರ ಹೇಳುವವನ ಮನೆಗೆ ನುಗ್ಗಬಾರದು. ಎದುರಿನವನಿಗೆ ಉತ್ತರಕ್ಕೆ ಎಡೆ ಬಿಡಬೇಕು. ಮಾತು ಹಳಿ ತಪ್ಪಿತೋ, ಭಾಗವತರು ಮುಂದಿನ ಪದ ಎತ್ತಿಬಿಡುತ್ತಿದ್ದರು. ಪದ ಶುರುವಾದ ಮೇಲೆ ಎಂಥ ವಾಗ್ಮಿಯೂ ಬಾಯಿ ಮುಚ್ಚಬೇಕು. ಜಿದ್ದಿನ ಕೂಟಗಳಲ್ಲಿ ಈ ಬೇಲಿಗೆ ಪೆಟ್ಟು ಬೀಳುತ್ತಿತ್ತು. ಸಭೆ ನಕ್ಕರೆ ಗೆದ್ದಂತೆ ಎಂದು ತಿಳಿದವರು ಎಲ್ಲ ಕಾಲದಲ್ಲೂ ಇದ್ದರು.

ಅಂಥ ಒಬ್ಬರಿಗೆ ನಾನು ಒಮ್ಮೆ ಸಿಕ್ಕಿಬಿದ್ದೆ. ಹೆಸರು ಬೇಡ. ನಾನಾಗ ಕೆಲಸಕ್ಕೆ ಸೇರಿ ಎರಡು ವರ್ಷವಾದ ಶಾಲಾ ಮಾಸ್ತರ. ಪ್ರಸಂಗ ಕರ್ಣಪರ್ವ, ನನ್ನದು ಕರ್ಣ, ಅವರದು ಅವನ ಸಾರಥಿ ಶಲ್ಯ. ಶಲ್ಯನ ಪಾತ್ರವೇ ಕುತ್ತಿನದು. ಕರ್ಣನ ತೇಜೋವಧೆ ಮಾಡು ಎಂದು ಧರ್ಮರಾಯ ಉದ್ಯೋಗಪರ್ವದಲ್ಲೇ ಅವನಿಂದ ಮಾತು ತೆಗೆದುಕೊಂಡಿರುತ್ತಾನೆ. ಇವತ್ತು ಪೇಪರಿನಲ್ಲಿ ದಿನಾ ಕಾಣುವ ‘ತೇಜೋವಧೆ’ ಅಲ್ಲಿಯದೇ ಶಬ್ದ. ಹಾಗಾಗಿ ಸೂತಪುತ್ರ ಎಂದು ಹಂಗಿಸುವುದೂ, ಎಂಜಲನ್ನ ತಿಂದು ಕೊಬ್ಬಿ ಹಂಸದ ಜೊತೆ ಸಮುದ್ರದ ಮೇಲೆ ಹಾರಲು ಹೋದ ಕಾಗೆಯ ಕತೆ ಹೇಳುವುದೂ ಶಲ್ಯನಿಗೆ ಸಲ್ಲುವ ಮಾತೇ. ಅದಕ್ಕೆ ಉತ್ತರ ಕಟ್ಟಿಕೊಂಡೇ ಹೋಗಿದ್ದೆ.

ಆದರೆ ಅವರ ಕಾಗೆ ಸಮುದ್ರಕ್ಕೆ ಹೋಗಲಿಲ್ಲ. “ಊಟದ ಮನೆಯ ಹಿತ್ತಿಲಲ್ಲಿ ಸೌಟಿನ ಸದ್ದು ಕೇಳುತ್ತಾ ಬೆಳೆದ ಕಾಗೆ” ಎಂದರು. ಚಾವಡಿ ಗೊಳ್ಳೆಂದಿತು. ನನ್ನ ಅಪ್ಪ ಅಡುಗೆಭಟ್ಟರು. ಊರ ಮದುವೆ ಮುಂಜಿಗಳಿಗೆಲ್ಲ ಅವರದೇ ಸಾರು. ಆ ಮನೆಯ ಒಳಗೂ ಆ ಹೊತ್ತಿಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದವರು ಅವರೇ. ಸೂತಪುತ್ರ ಎಂದರೆ ಕರ್ಣ ಉತ್ತರಿಸಬಲ್ಲ. ಸೌಟಿಗೆ ಕರ್ಣ ಏನು ಹೇಳಿಯಾನು? ಭಾಗವತರು ಥಟ್ಟನೆ ಪದ ಎತ್ತಿದರು.

ಮುಂದಿನ ಸುತ್ತಿನಲ್ಲಿ ನಾನು ಸಿಟ್ಟಿನಿಂದ, ಎರಡು ದಿನದಿಂದ ನನ್ನ ರಥದಲ್ಲಿ ಕೂತು ನನ್ನನ್ನೇ ಹಂಗಿಸುತ್ತೀಯಲ್ಲ ಎಂದೆ. ಶಲ್ಯ ನಕ್ಕು, “ನಿನ್ನೆ ನಾನು ನಿನ್ನ ರಥದಲ್ಲಿ ಇರಲಿಲ್ಲ, ಅಂಗರಾಜ” ಎಂದರು. ಅದು ಸರಿಯೇ. ಶಲ್ಯ ಸಾರಥಿಯಾದದ್ದು ಯುದ್ಧದ 17ನೇ ದಿನ, ಕರ್ಣನ ಸೇನಾಪತ್ಯದ ಎರಡನೇ ದಿನ. ನಾನು ಒಪ್ಪಲಿಲ್ಲ. ಇಲ್ಲದ ಆಧಾರ ಹುಡುಕಿ ಹತ್ತು ನಿಮಿಷ ವಾದಿಸಿದೆ.

ಬೆಳಗ್ಗೆ ಕಾಫಿಯ ಹೊತ್ತಿಗೆ ಹಿರಿಯ ಭಾಗವತರು ಪಕ್ಕಕ್ಕೆ ಕರೆದರು. “ಅಲ್ಲ ಮಾಸ್ಟ್ರೇ, ನಿಮ್ಮ ಪೀಠಿಕೆ ಮುಕ್ಕಾಲು ಗಂಟೆ ಆಯ್ತು. ನಿಮ್ಮ ಕರ್ಣ ಸೇನಾಪತಿ ಅಂತ ಅನ್ನಿಸ್ಲೇ ಇಲ್ಲ ಮಾರಾಯ್ರೇ, ಸಾಲಕ್ಕೆ ಬಂದವನ ಹಾಗೆ ಎಲ್ಲದಕ್ಕೂ ಸಮಜಾಯಿಷಿ ಕೊಡ್ತಾನೆ.” ಸೌಟಿನ ಮಾತಿಗಿಂತ ಇದು ಹೆಚ್ಚು ಉರಿಯಿತು. ಆದರೆ ಇದರಲ್ಲಿ ನಾನು ಮಾಡಬಹುದಾದ ಕೆಲಸವಿತ್ತು. ಮುಂದಿನ ಮಳೆಗಾಲಕ್ಕೆ ನನ್ನ ಪೀಠಿಕೆ ಹತ್ತು ನಿಮಿಷಕ್ಕೆ ಇಳಿಯಿತು. ಅಪ್ಪ ಅಡುಗೆಯವರು ಎಂಬುದನ್ನು ನಾನು ತಿದ್ದಿಕೊಳ್ಳುವುದಾದರೂ ಹೇಗೆ, ಯಾಕೆ?

ನೋವಾಯಿತೋ ಇಲ್ಲವೋ ಎಂಬುದರಿಂದ ಟೀಕೆಯನ್ನೂ ಹಿಂಸೆಯನ್ನೂ ಬೇರೆ ಮಾಡಲಾಗದು ಎಂದು ಅವತ್ತು ತಿಳಿಯಿತು. ಕರ್ಣಪರ್ವ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕರ್ಣ ಸರ್ಪಾಸ್ತ್ರ ಹೂಡಿದಾಗ, ಗುರಿ ಸರಿಯಿಲ್ಲ, ತಿದ್ದು ಎನ್ನುವವನೂ ಅದೇ ಶಲ್ಯ. ಆ ದಿನವೆಲ್ಲ ಅವನು ಆಡಿದ ಮಾತುಗಳಲ್ಲಿ ಕರ್ಣನ ಜೀವ ಉಳಿಸಬಹುದಾಗಿದ್ದದ್ದು ಅದೊಂದೇ. ಕರ್ಣ ಕೇಳಲಿಲ್ಲ. ಕೃಷ್ಣ ರಥ ಅದುಮಿದ, ಅಸ್ತ್ರ ಅರ್ಜುನನ ಕಿರೀಟವನ್ನಷ್ಟೇ ಒಯ್ಯಿತು. ಒಮ್ಮೆ ಹೂಡಿದ್ದನ್ನು ಮತ್ತೆ ಹೂಡುವುದಿಲ್ಲ ಎಂಬ ಛಲ ಎನ್ನುತ್ತೇವೆ. ಬೆಳಗಿನಿಂದ ಕಾಗೆ ಎನ್ನಿಸಿಕೊಂಡ ಕಿವಿಗೆ ಆ ಬಾಯಿಯ ಹಿತವಚನ ಹಿಡಿಸೀತೇ ಎಂದು ನಾನು ಕೇಳುತ್ತೇನೆ.

ಆ ರಾತ್ರಿಯ ನಂತರ ಎಷ್ಟೋ ಕೂಟಗಳಲ್ಲಿ ಶಲ್ಯನಾದೆ. ಕಾಗೆಯ ಕತೆ ಬಿಟ್ಟಿಲ್ಲ, ಬಿಟ್ಟರೆ ಶಲ್ಯನಿಲ್ಲ. ಎದುರಿಗೆ ಹೊಸ ಹುಡುಗ ಕೂತಿದ್ದರೆ ನನ್ನ ಕಾಗೆ ನೆಟ್ಟಗೆ ಸಮುದ್ರದ ಕಡೆಗೇ ಹಾರುತ್ತದೆ.