ಒಪ್ಪಂದಕ್ಕೆ ಸಾಕ್ಷಿ ಯಾರು?

ಈಜಿಪ್ಟಿನ ಎರಡನೆಯ ರಾಮ್ಸೆಸ್ ಮತ್ತು ಹಿಟೈಟರ ದೊರೆ ಮೂರನೆಯ ಹತ್ತುಸಿಲಿ ಕ್ರಿ.ಪೂ. 1259ರ ಸುಮಾರಿಗೆ ಸಂಧಿ ಮಾಡಿಕೊಂಡಾಗ ಇಬ್ಬರೂ ಒಂದು ಮೇಜಿನ ಮುಂದೆ ಕೂರಲಿಲ್ಲ. ಬೆಳ್ಳಿಯ ಫಲಕದ ಮೇಲೆ ಕೆತ್ತಿದ ಕರಾರನ್ನು ದೂತರು ಹೊತ್ತು ತಂದರು. ಹಿಟೈಟರ ಫಲಕದಲ್ಲಿ ರಾಜನ ಮುದ್ರೆಯ ಜೊತೆ ರಾಣಿ ಪುದುಹೇಪಾಳ ಮುದ್ರೆಯೂ ಇತ್ತು. ಎರಡೂ ನಾಡುಗಳ ದೇವತೆಗಳನ್ನು ಸಾಕ್ಷಿಗೆ ಕರೆದು, ಮಾತಿಗೆ ತಪ್ಪಿದವನ ಮನೆಮಠ ಹಾಳಾಗಲಿ ಎಂದು ಬರೆಯಲಾಗಿತ್ತು. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ ಓದಿದವರಿಗೆ ಈ ಧಾಟಿ ಹೊಸದಲ್ಲ. ಆ ಬೆಳ್ಳಿ ಉಳಿಯಲಿಲ್ಲ. ಹಿಟೈಟರ ರಾಜಧಾನಿ ಹತ್ತುಸ ನಗರದ ಅವಶೇಷಗಳಲ್ಲಿ 1906ರಲ್ಲಿ ಸಿಕ್ಕ ಮಣ್ಣಿನ ಪ್ರತಿಯಿಂದ ಹಿಟೈಟರ ಕಡೆಯ ಪಾಠ ತಿಳಿಯಿತು. ಅದರ ಪ್ರತಿಕೃತಿಯೊಂದು ಈಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿದೆ.

ಆ ದಿನದಿಂದ ಇಂದಿನ ಬಾವುಟ, ಕ್ಯಾಮೆರಾ, ಕೈಕುಲುಕುವ ಸಮಾರಂಭದವರೆಗಿನ ದಾರಿಯಲ್ಲಿ ಬಹುಮುಖ್ಯವಾಗಿ ಬದಲಾದದ್ದು ಸಾಕ್ಷಿ. ದೇವರ ಜಾಗಕ್ಕೆ ಸಮಾನಸ್ಕಂಧ ದೊರೆಗಳು ಬಂದರು, ಆಮೇಲೆ ಶಾಸನಸಭೆಗಳು, ಕೊನೆಗೆ ಸಾಮಾನ್ಯ ಜನ.

ದೇವರು ಇನ್ನೂ ಪೂರ್ತಿ ಎದ್ದು ಹೋಗಿರದ ಕಾಲದ ಒಂದು ಚಿತ್ರ ನಮ್ಮ ಪಾಲಿಗೆ ಉಳಿದಿದೆ. ಸ್ಪೇನ್ ಮತ್ತು ಡಚ್ ಗಣರಾಜ್ಯ ಎಂಬತ್ತು ವರ್ಷಗಳ ಯುದ್ಧ ನಿಲ್ಲಿಸಿದ ಮ್ಯೂನ್‌ಸ್ಟರ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1648ರ ಜನವರಿ 30ರಂದು. ಆದರೆ ಚಿತ್ರಕಾರ ಗೆರಾರ್ಡ್ ಟೆರ್ ಬೋರ್ಕ್ ಬರೆದದ್ದು ಸಹಿಯ ದಿನವನ್ನಲ್ಲ. ಮೇ 15ರಂದು ಊರಿನ ಪುರಭವನದಲ್ಲಿ ಆ ಒಪ್ಪಂದವನ್ನು ಸ್ಥಿರೀಕರಿಸಿ ಪ್ರಮಾಣ ಮಾಡಿದ ಗಳಿಗೆಯನ್ನು. ತಾಮ್ರದ ಸಣ್ಣ ತಗಡಿನ ಮೇಲೆ ಹತ್ತಾರು ಮುಖಗಳು ಒತ್ತೊತ್ತಾಗಿ ನಿಂತಿವೆ. ಡಚ್ಚರು ಎರಡು ಬೆರಳೆತ್ತಿ ಆಣೆಯಿಡುತ್ತಿದ್ದಾರೆ, ಸ್ಪೇನಿನವರು ಸುವಾರ್ತೆಯ ಗ್ರಂಥದ ಮೇಲೆ ಕೈಯಿಟ್ಟಿದ್ದಾರೆ. ಒಂದೇ ಕೋಣೆ, ಒಂದೇ ಮಾತು, ಪ್ರಮಾಣ ಮಾತ್ರ ಅವರವರ ಶ್ರದ್ಧೆಯಂತೆ. ಧರ್ಮದ ಹೆಸರಿನಲ್ಲೂ ಕಾದಾಡಿದ್ದವರು ಇಷ್ಟಕ್ಕೆ ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಎಡಬದಿಯಲ್ಲಿ ಚಿತ್ರಕಾರ ತನ್ನ ಮುಖವನ್ನೂ ಬರೆದುಕೊಂಡಿದ್ದಾನೆ.

ದೇವರು ಹಿಂದೆ ಸರಿದಂತೆ ದೊಡ್ಡ ತಂಟೆಯಾದದ್ದು ಮಾನಮರ್ಯಾದೆ. ಯಾರು ಮೊದಲು ಒಳಗೆ ಬರಬೇಕು, ಯಾರ ಹೆಸರು ಮೇಲಿರಬೇಕು ಎಂಬುದಕ್ಕೇ ಮಾತುಕತೆ ಮುರಿಯುವ ಭಯವಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಇಂದಿಗೂ ಬಳಕೆಯಲ್ಲಿದೆ: ಪ್ರತಿ ದೇಶವೂ ತಾನು ಇಟ್ಟುಕೊಳ್ಳುವ ಪ್ರತಿಯಲ್ಲಿ ತನ್ನ ಹೆಸರನ್ನೇ ಮೊದಲು ಬರೆದುಕೊಳ್ಳುತ್ತದೆ. 1815ರ ವಿಯೆನ್ನಾ ಸಮಾವೇಶ ರಾಯಭಾರಿಗಳ ದರ್ಜೆಯನ್ನೂ ಸಹಿಯ ಕ್ರಮವನ್ನೂ ನಿಯಮಕ್ಕೆ ಕಟ್ಟಿತು.

ಯೂರೋಪಿನಲ್ಲಿ ಇಷ್ಟು ನಾಜೂಕು ಬೆಳೆಯುತ್ತಿದ್ದ ಕಾಲದಲ್ಲೇ ಮೈಸೂರು ಸೀಮೆಯಲ್ಲಿ ಎರಡು ಒಪ್ಪಂದಗಳಾದವು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಮತ್ತು ಈಸ್ಟ್ ಇಂಡಿಯಾ ಕಂಪನಿ ಗೆದ್ದ ನೆಲವನ್ನು ಪರಸ್ಪರ ಬಿಟ್ಟುಕೊಟ್ಟರು. ಎಂಟು ವರ್ಷದ ಮೇಲೆ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಸಹಿ, ಮೊಹರು ಸಾಲದೆಂದು ಅವನ ಇಬ್ಬರು ಎಳೆಯ ಮಕ್ಕಳನ್ನು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆದ. ಆ ಮಕ್ಕಳನ್ನು ಬರಮಾಡಿಕೊಳ್ಳುವ ದೃಶ್ಯವನ್ನು ರಾಬರ್ಟ್ ಹೋಮ್ ಮೊದಲಾದ ಚಿತ್ರಕಾರರು ಕಂಪನಿಯ ಔದಾರ್ಯದ ಚಿತ್ರವಾಗಿ ಬರೆದರು. ಒಪ್ಪಂದದ ಸಮಾರಂಭಗಳ ಚರಿತ್ರೆಯಲ್ಲಿ ನನ್ನನ್ನು ಇದರಷ್ಟು ಕಲಕುವ ಇನ್ನೊಂದು ಚಿತ್ರವಿಲ್ಲ. ಅಲ್ಲಿ ಸಾಕ್ಷಿಯೂ ಇಲ್ಲ, ಸಮಾನರೂ ಇಲ್ಲ. ಇರುವುದು ಗೆದ್ದವನ ಕೈಯಲ್ಲಿ ಸೋತವನ ಮಕ್ಕಳ ಕೈ.

ಸೋತವರನ್ನು ನಿಲ್ಲಿಸಿ ತೋರಿಸುವ ಈ ರೂಢಿ ಮೊದಲ ಮಹಾಯುದ್ಧದ ಬಳಿಕ ವರ್ಸೇಲ್ಸಿನಲ್ಲಿ ತುದಿ ಮುಟ್ಟಿತು. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಣೆಯಾಗಿದ್ದ ಕನ್ನಡಿಗಳ ಅದೇ ಸಭಾಂಗಣವನ್ನು, ಸರಾಯೆವೊ ಹತ್ಯೆಗೆ ಐದು ವರ್ಷ ತುಂಬಿದ ಅದೇ ಜೂನ್ 28ನ್ನು ಫ್ರಾನ್ಸ್ ಆರಿಸಿಕೊಂಡಿತು. 1919ರ ಆ ಮಧ್ಯಾಹ್ನ ಎಲ್ಲರೂ ಕುಳಿತ ಮೇಲೆ ಜರ್ಮನಿಯ ಹರ್ಮನ್ ಮ್ಯುಲರ್ ಮತ್ತು ಯೊಹಾನೆಸ್ ಬೆಲ್ ಅವರನ್ನು ಒಳಗೆ ಕರೆತಂದು ಸಹಿ ಹಾಕಿಸಲಾಯಿತು. ಶಾಂಡಾಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ಕೊಟ್ಟದ್ದಕ್ಕೆ ಚೀನಾ ಬರಲೇ ಇಲ್ಲ. ಭಾರತದ ಪರವಾಗಿ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾ ಸಿಂಗ್ ಸಹಿ ಹಾಕಿದರು. ಈ ಒಪ್ಪಂದಕ್ಕಾಗಿ ತಿಂಗಳುಗಟ್ಟಲೆ ದುಡಿದ ಅಮೆರಿಕದ ಅಧ್ಯಕ್ಷ ವಿಲ್ಸನ್ ಊರಿಗೆ ಮರಳಿದರೆ ಅವರ ದೇಶದ ಸೆನೆಟ್ ಅದನ್ನು ತಿರಸ್ಕರಿಸಿತು. ನಾಯಕನ ಸಹಿಯೇ ಕೊನೆಯ ಮಾತಲ್ಲ ಎಂಬುದು ಅಂದು ಲೋಕಕ್ಕೆಲ್ಲ ತಿಳಿಯಿತು.

1928ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಚಿನ್ನದ ಲೇಖನಿಯಿಂದ ಯುದ್ಧವನ್ನೇ ತ್ಯಜಿಸುವ ಕೆಲಾಗ್-ಬ್ರಿಯಾಂಡ್ ಒಪ್ಪಂದಕ್ಕೆ ಸಹಿಯಾಯಿತು. ಹನ್ನೊಂದು ವರ್ಷದಲ್ಲಿ ಎರಡನೆಯ ಮಹಾಯುದ್ಧ.

ಆ ಯುದ್ಧ ಇನ್ನೂ ಮುಗಿಯದಿದ್ದಾಗ, 1945ರ ಜೂನ್ 26ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ 50 ದೇಶಗಳು ಸಹಿ ಹಾಕಿದವು. ನನ್ನ ಲೆಕ್ಕದಲ್ಲಿ ಆಧುನಿಕ ಸಮಾರಂಭದ ನಿಜವಾದ ಆರಂಭ ಇದೇ. ಇಲ್ಲಿ ಸೋತವರನ್ನು ನಿಲ್ಲಿಸಿರಲಿಲ್ಲ. ಆಕ್ರಮಣಕ್ಕೆ ಮೊದಲು ಗುರಿಯಾದ ದೇಶವೆಂದು ಚೀನಾಕ್ಕೆ ಮೊದಲ ಸಹಿಯ ಗೌರವ ಕೊಡಲಾಯಿತು. ವರ್ಸೇಲ್ಸಿನಲ್ಲಿ ಸಹಿಗೆ ಬಾರದ ನಿಯೋಗದಲ್ಲಿದ್ದ ವೆಲಿಂಗ್ಟನ್ ಕೂ ಇಲ್ಲಿ ಕುಂಚ ಹಿಡಿದು ಹೆಸರು ಬರೆದರು. ಸಹಿ ಹಾಕಿದವರಲ್ಲಿ ನಾಲ್ವರು ಮಹಿಳೆಯರಿದ್ದರು. ಭಾರತದ ಪರವಾಗಿ ಸಹಿ ಹಾಕಿದವರು ಎ. ರಾಮಸ್ವಾಮಿ ಮುದಲಿಯಾರ್ ಮತ್ತು ವಿ.ಟಿ. ಕೃಷ್ಣಮಾಚಾರಿ. ದೇಶಕ್ಕೆ ಸ್ವಾತಂತ್ರ್ಯವಿರಲಿಲ್ಲ, ಆದರೂ ಹೆಸರು ಪಟ್ಟಿಯಲ್ಲಿತ್ತು. ಮರುವರ್ಷ ಮುದಲಿಯಾರ್ ಮೈಸೂರಿನ ದಿವಾನರಾದರು.

ಆಮೇಲಿನ ಸಮಾರಂಭಗಳಲ್ಲಿ ತಯಾರಿಗಿಂತ ತೋರಿಕೆ ಮುಂದಾದದ್ದೂ ಉಂಟು. 1957ರ ಮಾರ್ಚ್ 25ರಂದು ರೋಮಿನಲ್ಲಿ ಆರ್ಥಿಕ ಸಮುದಾಯದ ಒಪ್ಪಂದಕ್ಕೆ ಸಹಿ ಹಾಕಲು ಕುಳಿತ ಯೂರೋಪಿನ ಆರು ದೇಶಗಳ ನಾಯಕರ ಮುಂದಿದ್ದ ಕಟ್ಟಿನಲ್ಲಿ ಹೆಚ್ಚಿನ ಹಾಳೆಗಳು ಖಾಲಿಯಿದ್ದವು. ಮುದ್ರಣ ಸಮಯಕ್ಕೆ ಮುಗಿದಿರಲಿಲ್ಲ. ಆದರೂ ಇಂದಿನ ಯೂರೋಪಿಯನ್ ಒಕ್ಕೂಟ ಬೆಳೆದದ್ದು ಆ ಬುಡದಿಂದಲೇ. ವಾಷಿಂಗ್ಟನ್ನಿನ ಶ್ವೇತಭವನದ ಹುಲ್ಲುಹಾಸಿನ ಮೇಲೆ 1979ರಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ಸಹಿ ಹಾಕಿದ ಮೇಜನ್ನೇ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ 1993ರ ಓಸ್ಲೊ ಒಪ್ಪಂದಕ್ಕೂ ತಂದಿಟ್ಟರು. ಮೊದಲನೆಯದು ಉಳಿಯಿತು, ಎರಡನೆಯದು ಕುಸಿಯಿತು.

ಸಹಿಗೂ ಜಾರಿಗೂ ನಡುವೆ ಎಷ್ಟು ಅಂತರವಿರಬಹುದು ಎಂಬುದಕ್ಕೆ ಅಣುಪರೀಕ್ಷೆಗಳನ್ನು ಪೂರ್ತಿ ನಿಷೇಧಿಸುವ ಒಪ್ಪಂದ ಸಾಕ್ಷಿ. 1996ರ ಸೆಪ್ಟೆಂಬರ್ 24ರಂದು ಮೊದಲ ಸಹಿ ಹಾಕಿದ ಕ್ಲಿಂಟನ್, 1963ರಲ್ಲಿ ಭಾಗಶಃ ನಿಷೇಧದ ಒಪ್ಪಂದಕ್ಕೆ ಕೆನಡಿ ಬಳಸಿದ ಲೇಖನಿಯನ್ನೇ ಹಿಡಿದಿದ್ದರು. 1999ರಲ್ಲಿ ಅಮೆರಿಕದ ಸೆನೆಟ್ ಅನುಮೋದನೆ ನಿರಾಕರಿಸಿತು. ಭಾರತ ಸಹಿಯನ್ನೇ ಹಾಕಲಿಲ್ಲ. ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ.

2016ರ ಏಪ್ರಿಲ್ 22ರಂದು ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ನ್ಯೂಯಾರ್ಕಿನಲ್ಲಿ 174 ದೇಶಗಳೂ ಯೂರೋಪಿಯನ್ ಒಕ್ಕೂಟವೂ ಒಂದೇ ದಿನ ಸಹಿ ಹಾಕಿದವು. ಹಿಂದಿನ ದಾಖಲೆ 1982ರಲ್ಲಿ ಸಮುದ್ರ ಕಾನೂನಿನ ಒಪ್ಪಂದಕ್ಕೆ ಬಿದ್ದ 119 ಸಹಿಗಳದು. ಅಮೆರಿಕದ ಜಾನ್ ಕೆರಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಸಹಿ ಹಾಕಿದರು. ಹುಟ್ಟಿ ಬರುವ ಪೀಳಿಗೆಯೇ ಈಗ ಸಾಕ್ಷಿ ಎಂದು ಹೇಳಲು ಅದಕ್ಕಿಂತ ನೇರ ದಾರಿ ಇರಲಿಲ್ಲ. ಭಾರತದ ಪರವಾಗಿ ಪ್ರಕಾಶ್ ಜಾವಡೇಕರ್ ಸಹಿ ಹಾಕಿದರು. ಆ ವರ್ಷದ ಗಾಂಧಿ ಜಯಂತಿಯಂದು ಸ್ಥಿರೀಕರಣ ಪತ್ರ ವಿಶ್ವಸಂಸ್ಥೆಗೆ ಸಂದಿತು. ನವೆಂಬರ್ 4ಕ್ಕೆ ಒಪ್ಪಂದ ಜಾರಿಯಾಯಿತು. ಸರಿಯಾಗಿ ನಾಲ್ಕು ವರ್ಷದ ಬಳಿಕ, ಅದೇ ನವೆಂಬರ್ 4ರಂದು, ಅಮೆರಿಕ ಹೊರನಡೆಯಿತು. 2021ರಲ್ಲಿ ಮರಳಿ ಬಂತು. 2025ರ ಜನವರಿಯಲ್ಲಿ ಮತ್ತೆ ಹೊರಡುವ ಆದೇಶಕ್ಕೆ ಸಹಿ ಹಾಕಿತು.