"ಫೈಬರ್" ಅನ್ನೋ ಪದ ಯಾರದ್ದು?

ಇಂಟರ್ನೆಟ್ ಇತಿಹಾಸ ಸರಣಿ | ಭಾಗ 6
(ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ)

1️⃣ ನಿಮ್ಮ ಬೀದಿಯ ಕಂಬಗಳನ್ನ ಒಂದ್ಸಲ ನೋಡಿ. ನೇತಾಡೋ ಬ್ರಾಡ್‌ಬ್ಯಾಂಡ್ ಬೋರ್ಡ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಒಂದೇ ಪದ: ಫೈಬರ್. ಆದರೆ ಮನೆಯೊಳಗೆ ಬರೋ ತಂತಿ ತಾಮ್ರದ್ದಾಗಿದ್ರೂ ಅದನ್ನ ಫೈಬರ್ ಅಂತ ಮಾರಬಹುದಾ? ಈ ಪ್ರಶ್ನೆ ಬ್ರಿಟನ್ನಿನಲ್ಲಿ ಹೈಕೋರ್ಟ್ ತನಕ ಹೋಗಿತ್ತು ಗೊತ್ತಾ?

2️⃣ ಮೊದಲು ಸ್ವಲ್ಪ ಹಿನ್ನೆಲೆ. ಆಪ್ಟಿಕಲ್ ಫೈಬರ್ ಅಂದ್ರೆ ಕೂದಲೆಳೆಯಷ್ಟು ತೆಳುವಾದ ಗಾಜು; ಅದರೊಳಗೆ ಬೆಳಕು ಓಡುತ್ತೆ. ಗಾಜನ್ನ ಸಾಕಷ್ಟು ಶುದ್ಧ ಮಾಡಿದ್ರೆ ಬೆಳಕಿನ ಸಂದೇಶ ಬಹಳ ದೂರ ಹೋಗಬಲ್ಲದು ಅಂತ 1966ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಹಾರ್ಲೋದಲ್ಲಿ ಕೆಲಸ ಮಾಡ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಅಂದ್ರೆ ಫೈಬರ್ ಜಗಳಕ್ಕೆ ಫೈಬರಿನ ತವರೇ ವೇದಿಕೆ ಆಯ್ತು!

3️⃣ 2010ರಲ್ಲಿ ಬಿಟಿ ಕಂಪನಿ "ಇನ್ಫಿನಿಟಿ" ಶುರು ಮಾಡ್ತು. ಬಹುಪಾಲು ಮನೆಗಳಿಗೆ ಅದು ಕೊಟ್ಟಿದ್ದು ಬೀದಿಯ ಪೆಟ್ಟಿಗೆ ತನಕ ಗಾಜು, ಅಲ್ಲಿಂದ ಮನೆಗೆ ಹಳೇ ಟೆಲಿಫೋನಿನ ತಾಮ್ರ. ತಾಮ್ರದಲ್ಲಿ ದೂರ ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತೆ. ಪೆಟ್ಟಿಗೆ ಪಕ್ಕದ ಮನೆಗೆ ವೇಗ, ಬೀದಿ ಕೊನೆಯವರಿಗೆ ತಾಪತ್ರಯ. ವರ್ಜಿನ್ ಮೀಡಿಯಾದ ಕೊನೆಯ ತುಂಡು ಬಹುತೇಕ ಕಡೆ ಟಿವಿ ಕೇಬಲ್. ಜಾಹೀರಾತಿನಲ್ಲಿ ಮಾತ್ರ ಇಬ್ಬರೂ ಫೈಬರ್!

4️⃣ ಮನೆ ಬಾಗಿಲ ತನಕ ಗಾಜು ಎಳೀತಿದ್ದ ಸಿಟಿಫೈಬರ್ ಕಂಪನಿಗೆ ಇದು ಹೊಟ್ಟೆ ಮೇಲೆ ಹೊಡೆದ ಹಾಗೆ. ಎಲ್ಲರೂ ಒಂದೇ ಹೆಸರಲ್ಲಿ ಮಾರಿದ್ರೆ, ಹೆಚ್ಚು ಖರ್ಚು ಮಾಡಿ ರಸ್ತೆ ಅಗೆದವನಿಗೆ ಏನು ಲಾಭ? ಆದರೆ 2017ರಲ್ಲಿ ಜಾಹೀರಾತು ನಿಯಂತ್ರಕ ಸಂಸ್ಥೆ ಎಎಸ್‌ಎ ಹೇಳಿದ್ದೇ ಬೇರೆ: ಗ್ರಾಹಕರಿಗೆ ಫೈಬರ್ ಅನ್ನೋದು "ಆಧುನಿಕ, ವೇಗದ ಇಂಟರ್ನೆಟ್" ಅನ್ನೋ ಅರ್ಥದ ಬಣ್ಣದ ಮಾತು ಅಷ್ಟೇ; ಅದನ್ನ ನೋಡಿ ಅವರು ಆಯ್ಕೆ ಮಾಡಲ್ಲ, ಹಾಗಾಗಿ ದಾರಿ ತಪ್ಪಿಸಿದಂತಲ್ಲ. ಸಿಟಿಫೈಬರ್ ಕೋರ್ಟಿಗೆ ಹೋಯ್ತು. 2019ರ ಏಪ್ರಿಲ್‌ನಲ್ಲಿ ಸೋತಿತು.

ಈ ವಾದ ಒಂದ್ಸಲ ಯೋಚಿಸಿ. ಜನಕ್ಕೆ ವ್ಯತ್ಯಾಸ ಗೊತ್ತಿಲ್ಲ, ಆದ್ದರಿಂದ ಮೋಸ ಆಗಿಲ್ಲ. ಆದರೆ ವ್ಯತ್ಯಾಸ ಗೊತ್ತಾಗದ ಹಾಗೆ ಇಷ್ಟು ವರ್ಷ ಆ ಪದ ಬಳಸಿದ್ದು ಯಾರು?

5️⃣ ಇಟಲಿ ಉಲ್ಟಾ ದಾರಿ ಹಿಡಿಯಿತು. 2018ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಟಿಮ್, ವೊಡಾಫೋನ್, ಫಾಸ್ಟ್‌ವೆಬ್‌ನಂಥ ದೊಡ್ಡ ಕಂಪನಿಗಳಿಗೇ ಫೈಬರ್ ಜಾಹೀರಾತಿನ ವಿಷಯದಲ್ಲಿ ದಂಡ ಹಾಕ್ತು. ಅದೇ ವರ್ಷ ದೂರಸಂಪರ್ಕ ಪ್ರಾಧಿಕಾರ ಟ್ರಾಫಿಕ್ ಸಿಗ್ನಲ್ ಥರ ಮೂರು ಬಣ್ಣ ತಂತು: ಪೂರ್ತಿ ಫೈಬರ್‌ಗೆ ಹಸಿರು, ಅರ್ಧಂಬರ್ಧಕ್ಕೆ ಹಳದಿ, ಫೈಬರೇ ಇಲ್ಲದಿದ್ರೆ ಕೆಂಪು. ಓದೋಕೂ ಬೇಕಿಲ್ಲ, ನೋಡಿದ್ರೆ ಸಾಕು.

ಬ್ರಿಟನ್ ಕೂಡ ಕೊನೆಗೆ ಬದಲಾಯ್ತು. 2018ರ ಮೇ ತಿಂಗಳಿಂದ ಜಾಹೀರಾತಿನ ವೇಗ, ರಾತ್ರಿ 8ರಿಂದ 10ರ ದಟ್ಟಣೆಯಲ್ಲೂ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗಲೇಬೇಕು. ಅದಕ್ಕೂ ಮೊದಲು 10% ಜನಕ್ಕೆ ಸಿಕ್ಕಿದ್ರೂ "ಇಷ್ಟರವರೆಗೆ" ಅಂತ ಬರೀಬಹುದಿತ್ತು! 2024ರ ಸೆಪ್ಟೆಂಬರ್‌ನಿಂದ ಆಫ್‌ಕಾಮ್ ಮಾರ್ಗಸೂಚಿ: ಕೊಳ್ಳುವಾಗ ಕೊಡೋ ಮಾಹಿತಿಯಲ್ಲಿ, ಮನೆ ತನಕ ಗಾಜಿದ್ರೆ ಮಾತ್ರ ಫೈಬರ್ ಅನ್ನಿ.

6️⃣ ನಮ್ಮಲ್ಲಿ? 2016ರಲ್ಲಿ ಏರ್‌ಟೆಲ್ ತಂದ "ವಿ-ಫೈಬರ್" ಓಡಿದ್ದು ತಾಮ್ರದ ತಂತಿ ಮೇಲೆ, ವೆಕ್ಟರೈಸೇಷನ್ ಅನ್ನೋ ತಂತ್ರದಿಂದ. ಇನ್ನು "ಬ್ರಾಡ್‌ಬ್ಯಾಂಡ್" ಪದದ ಕಥೆ ಕೇಳಿ: 2004ರ ಸರ್ಕಾರಿ ನೀತಿಯಲ್ಲಿ ಅದರ ಕನಿಷ್ಠ ವೇಗ 256 ಕೆಬಿಪಿಎಸ್, 2013ರಲ್ಲಿ 512. ಅದು 2 ಎಂಬಿಪಿಎಸ್ ಆಗಿದ್ದು 2023ರಲ್ಲಿ!

ದುಡ್ಡು ಕಟ್ಟೋದು ನಮ್ಮ ಅಪ್ಪ ಅಮ್ಮ. ಆನ್‌ಲೈನ್ ಪರೀಕ್ಷೆ ಮಧ್ಯೆ ವೇಗ ಬಿದ್ರೆ ಅನುಭವಿಸೋರು ನಾವು. ಹಾಗಾಗಿ ಕನೆಕ್ಷನ್ ತಗೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಗಾಜು ನಮ್ಮ ಮನೆಯೊಳಗೆ ಬರುತ್ತಾ? ರಾತ್ರಿ 9ಕ್ಕೆ ಎಷ್ಟು ವೇಗ? ಡೇಟಾ ಮಿತಿ ಮುಗಿದ ಮೇಲೆ ಎಷ್ಟು?

ಇವತ್ತು ಮನೆಗೆ ಹೋಗಿ ಗೋಡೆಯಿಂದ ಬರೋ ತಂತಿ ನೋಡಿ. ಗಾಜೋ, ತಾಮ್ರನೋ? ಕಾಮೆಂಟಲ್ಲಿ ಹೇಳಿ 👇

#ಇಂಟರ್ನೆಟ್_ಇತಿಹಾಸ #ಕನ್ನಡದಲ್ಲಿ_ತಂತ್ರಜ್ಞಾನ