ಮೊಡವೆ ಟ್ಯೂಬಿನ ಹಿಂದೊಂದು ಜೈಲು

ಆಫೀಸಿನ ಪ್ಯಾಂಟ್ರಿಯಲ್ಲಿ ಈಗ ಸ್ಕಿನ್‌ಕೇರ್ ಮಾತು ಜೋರು. ಒಬ್ಬರು ಸ್ಯಾಲಿಸಿಲಿಕ್ ಆಸಿಡ್ ಅಂತಾರೆ, ಇನ್ನೊಬ್ಬರು ನಿಯಾಸಿನಮೈಡ್ ಅಂತಾರೆ, ಸ್ವಲ್ಪ ಮುಂದುವರಿದವರು ರೆಟಿನಾಯ್ಡ್ ಅಂತಾರೆ. ಈ ಕೊನೆಯ ಹೆಸರಿಗೆ ಒಂದು ಇತಿಹಾಸ ಇದೆ. ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ ಅದು ಇರಲ್ಲ.

ಮೊಡವೆ ಹೇಗಾಗುತ್ತೆ ಅನ್ನೋದನ್ನು ಮೊದಲು ನೋಡೋಣ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವಕ್ಕೆ ಚರ್ಮದ ಎಣ್ಣೆ ಗ್ರಂಥಿಗಳು ಚುರುಕಾಗುತ್ತವೆ. ಕೂದಲಿನ ಬುಡದ ರಂಧ್ರದಲ್ಲಿ ಉದುರಬೇಕಾದ ಸತ್ತ ಜೀವಕೋಶಗಳು ಆ ಜಿಡ್ಡಿಗೆ ಅಂಟಿ ಬಿರಡೆಯ ಹಾಗೆ ಕೂರುತ್ತವೆ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಅಂದರೆ ಇದೇ. ಬಿರಡೆಯ ಹಿಂದೆ, ಚರ್ಮದಲ್ಲೇ ವಾಸಿಸುವ ಬ್ಯಾಕ್ಟೀರಿಯಾ ಹೆಚ್ಚಿ, ಉರಿಯೂತವಾಗಿ, ಕೆಂಪು ಗುಳ್ಳೆ ಏಳುತ್ತದೆ. ಇದು ಕೊಳೆ ಅಲ್ಲದ್ದರಿಂದ ಎಷ್ಟು ತಿಕ್ಕಿ ತೊಳೆದರೂ ಹೋಗಲ್ಲ.

ಬಿರಡೆಯನ್ನೇ ಸಡಿಲ ಮಾಡುವ ಔಷಧ ಟ್ರೆಟಿನಾಯಿನ್. ವಿಟಮಿನ್ ಎ ಕುಟುಂಬದ್ದು. ಮೊಡವೆಗೆ ಇದು ಕೆಲಸ ಮಾಡುತ್ತದೆ ಎಂದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ರೆಟಿನ್-ಎ ಎಂಬ ಹೆಸರಲ್ಲಿ ಅದು ಜಗತ್ತಿಗೆಲ್ಲ ಹೋಯಿತು.

ಆದರೆ ಪ್ರಯೋಗ ನಡೆದದ್ದು ಯಾರ ಚರ್ಮದ ಮೇಲೆ?

ಫಿಲಡೆಲ್ಫಿಯಾದಲ್ಲಿ ಹೋಮ್ಸ್‌ಬರ್ಗ್ ಅಂತ ಒಂದು ಜೈಲು ಇತ್ತು. ಕೈದಿಗಳ ಕಾಲಿಗೆ ಹರಡಿದ್ದ ಶಿಲೀಂಧ್ರ ಸೋಂಕು ನೋಡಲು 1951ರಲ್ಲಿ ಕ್ಲಿಗ್‌ಮನ್‌ನನ್ನು ಅಲ್ಲಿಗೆ ಕರೆಸಿದರು. ಹೋದವನಿಗೆ ಕಂಡದ್ದು ನೂರಾರು ಗಂಡಸರು, ಒಂದೇ ಊಟ, ಒಂದೇ ದಿನಚರಿ, ಎಲ್ಲೂ ತಪ್ಪಿಸಿಕೊಂಡು ಹೋಗಲಾರದ ದೇಹಗಳು. ನಾಜಿ ವೈದ್ಯರ ವಿಚಾರಣೆ ಮುಗಿದು, ಸ್ವಇಚ್ಛೆಯ ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಪ್ರಯೋಗ ಕೂಡದು ಎಂಬ ನ್ಯೂರೆಂಬರ್ಗ್ ಸಂಹಿತೆ ಬಂದು ಆಗಿನ್ನೂ ನಾಲ್ಕೇ ವರ್ಷ ಆಗಿತ್ತು. ಹೋಮ್ಸ್‌ಬರ್ಗ್‌ನ ಪ್ರಯೋಗಗಳು 1974ರವರೆಗೂ ನಡೆದವು.

ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿಗೆ ಶಿಕ್ಷೆಯೂ ಆಗಿರಲಿಲ್ಲ, ಜಾಮೀನಿಗೆ ದುಡ್ಡಿಲ್ಲದೆ ಒಳಗಿದ್ದವರು. ಜೈಲಿನ ಬೇರೆ ಕೆಲಸಕ್ಕಿಂತ ಇಲ್ಲಿ ನಾಲ್ಕು ಕಾಸು ಜಾಸ್ತಿ ಸಿಗುತ್ತಿತ್ತು ಅಂತ ಸಹಿ ಹಾಕಿದರು. ಬೆನ್ನಿಗೆ ಏನು ಹಚ್ಚುತ್ತಿದ್ದಾರೆ ಅನ್ನೋದನ್ನು ಅವರಿಗೆ ಸರಿಯಾಗಿ ಹೇಳುತ್ತಿರಲಿಲ್ಲ. ಶಾಂಪೂ, ಡಿಯೋಡರೆಂಟ್, ಸೇನೆಯ ರಾಸಾಯನಿಕಗಳು ಎಲ್ಲವೂ ಅಲ್ಲಿ ಪರೀಕ್ಷೆಯಾದವು. ಟ್ರೆಟಿನಾಯಿನ್ ಕೂಡ. 1960ರ ದಶಕದಲ್ಲಿ ಡಯಾಕ್ಸಿನ್ ಎಂಬ ವಿಷವನ್ನು ಹಚ್ಚಿ, ಎಷ್ಟಕ್ಕೆ ಮೊಡವೆಯಂಥ ಗುಳ್ಳೆ ಏಳುತ್ತೆ ಅಂತಲೂ ನೋಡಿದರು. ಗುಣಪಡಿಸುವ ಔಷಧ, ಬರಿಸುವ ವಿಷ, ಎರಡಕ್ಕೂ ಅದೇ ಬೆನ್ನುಗಳು.

ಔಷಧದಿಂದ ಕ್ಲಿಗ್‌ಮನ್ ಶ್ರೀಮಂತನಾದ. 2000ದಲ್ಲಿ ಸುಮಾರು 300 ಮಾಜಿ ಕೈದಿಗಳು ಕೋರ್ಟಿಗೆ ಹೋದರೆ, ಕಾಲಮಿತಿ ಮೀರಿದೆ ಎಂದು ಕೇಸು ವಜಾ ಆಯಿತು. 2010ರಲ್ಲಿ ಕ್ಲಿಗ್‌ಮನ್ ತೀರಿಕೊಂಡ. ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಅಷ್ಟು ಹೊತ್ತಿಗೆ ಎಷ್ಟೋ ಜನ ಅದನ್ನು ಕೇಳಿಸಿಕೊಳ್ಳಲು ಉಳಿದಿರಲಿಲ್ಲ.

ಚಾಕೊಲೇಟ್ ತಿಂದರೆ ಮೊಡವೆ ಬರಲ್ಲ ಅನ್ನೋ ಮಾತಿನ ಬೇರೂ ಹೆಚ್ಚುಕಡಿಮೆ ಇಲ್ಲೇ ಇದೆ. 1969ರಲ್ಲಿ ಇದೇ ತಂಡ 65 ಜನರಿಗೆ ಚಾಕೊಲೇಟ್ ಬಾರ್ ಅಥವಾ ಅದರಂತೆ ಕಾಣುವ ನಕಲಿ ಬಾರ್ ತಿನ್ನಿಸಿ, ವ್ಯತ್ಯಾಸ ಇಲ್ಲ ಅಂದಿತು. ಅವರಲ್ಲೂ ಕೈದಿಗಳಿದ್ದರು. ನಕಲಿ ಬಾರಿನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಚಾಕೊಲೇಟ್ ತಯಾರಕರ ಸಂಘ ಇದಕ್ಕೆ ನೆರವು ಕೊಟ್ಟಿತ್ತು.

ಈ ಕಥೆ ನಮ್ಮ ಬೀದಿಯ ಮೆಡಿಕಲ್ ಶಾಪಿಗೂ ಬರುತ್ತದೆ. 1975ರಲ್ಲಿ ಕ್ಲಿಗ್‌ಮನ್ ಇನ್ನೊಂದು ಮಿಶ್ರಣ ಪ್ರಕಟಿಸಿದ: ಟ್ರೆಟಿನಾಯಿನ್, ಹೈಡ್ರೋಕ್ವಿನೋನ್, ಜೊತೆಗೊಂದು ಸ್ಟೀರಾಯ್ಡ್. ಚರ್ಮದ ಬಣ್ಣ ತಿಳಿಯಾಗಿಸುವ ಸೂತ್ರ ಅದು. ಭಂಗಿನ ಕಲೆಗೆ ಡಾಕ್ಟರು ಅಳತೆಯಲ್ಲಿ ಬರೆದುಕೊಡುವ ಈ ಬಗೆಯ ಕ್ರೀಮುಗಳನ್ನು ನಮ್ಮಲ್ಲಿ ಬೆಳ್ಳಗಾಗೋಕೆ, ಮೊಡವೆ ಹೋಗೋಕೆ ಅಂತ ಜನ ತಾವೇ ಕೊಂಡು ತಿಂಗಳುಗಟ್ಟಲೆ ಹಚ್ಚಿಕೊಂಡರು. ಸ್ಟೀರಾಯ್ಡ್ ಮೊದಲ ವಾರ ಮುಖವನ್ನು ಹೊಳೆಸುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಹೊಸ ಮೊಡವೆಯನ್ನೇ ತರುತ್ತದೆ. ಬಿಟ್ಟರೆ ಉರಿ. ಚರ್ಮತಜ್ಞರು ವರ್ಷಗಟ್ಟಲೆ ಕೂಗಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಹಾಗಾದರೆ ರೆಟಿನಾಯ್ಡ್ ಹಚ್ಚಬಾರದಾ? ನನ್ನ ಪ್ರಕಾರ ಹಚ್ಚಬೇಕು, ತಿಳಿದು ಹಚ್ಚಬೇಕು. ಮೊಡವೆಗೆ ಇವತ್ತಿಗೂ ಟ್ರೆಟಿನಾಯಿನ್, ಅಡಾಪಲೀನ್‌ಗಳೇ ಮೊದಲ ಸಾಲಿನ ಔಷಧ. ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆಗಾರ. ರಾತ್ರಿ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಬೆಳಗ್ಗೆ ಸನ್‌ಸ್ಕ್ರೀನ್. ಮೊದಲ ವಾರಗಳಲ್ಲಿ ಒಣಗುತ್ತೆ, ಸಿಪ್ಪೆ ಏಳುತ್ತೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಬಸುರಿಯರಿಗೆ ಬೇಡ. ಕಲೆ ಬೀಳುವಂಥ ದೊಡ್ಡ ಗಂಟುಗಳಾದರೆ ನೇರ ಚರ್ಮತಜ್ಞರ ಹತ್ತಿರ ಹೋಗಿ.

ಯಾರೋ ಕೊಟ್ಟ ಕ್ರೀಮ್ ಹಚ್ಚುವ ಮುಂಚೆ ಟ್ಯೂಬನ್ನು ತಿರುಗಿಸಿ, ಒಳಗೇನಿದೆ ಓದಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಅಂತಿದ್ದರೆ ಅದು ಸ್ಟೀರಾಯ್ಡ್, ಮೊಡವೆಗಲ್ಲ. ಹೋಮ್ಸ್‌ಬರ್ಗ್‌ನ ಕೈದಿಗಳಿಗೆ ಹೀಗೆ ತಿರುಗಿಸಿ ಓದುವುದಕ್ಕೆ ಅವಕಾಶ ಇರಲಿಲ್ಲ.